ಬಳಸಿದ ಸ್ಪೋರ್ಟ್ಸ್ ಕಾರು ಖರೀದಿಸುವ ಮುನ್ನ: ವಾಹನ ಪರಿಶೀಲನೆ ಹಾಗೂ ಪರೀಕ್ಷಾ ಚಾಲನೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹೊಸದಾಗಿ ಖರೀದಿಸಲು ಕೋಟಿ ರೂಪಾಯಿಯ ಆಸುಪಾಸಿನಲ್ಲಿರುವ ಸ್ಪೋರ್ಟ್ಸ್ ಕಾರುಗಳು ಎಂಟು ಹತ್ತು ವರ್ಷ ಬಳಕೆಯಾದ ನಂತರ ಸಾಧಾರಣ ಹೊಸ ಕಾರಿನ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳಲ್ಲಿ ಯುವ ಉದ್ಯೋಗಿಗಳು ತಮ್ಮ ಉಳಿತಾಯದ ಹಣವನ್ನು ತೊಡಗಿಸಿ ಇಂತಹ ವಾಹನಗಳನ್ನು ಕೊಳ್ಳುತ್ತಿದ್ದಾರೆ. ಆದರೆ ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಎಂಬುದನ್ನು ಖರೀದಿದಾರರು ಮೊದಲಿಗೆ ಮನಗಾಣಬೇಕು. ಇಪ್ಪತ್ತು ಲಕ್ಷ ರೂಪಾಯಿಗೆ ದೊರೆತ ಕಾರಿನ ಬ್ರೇಕು, ಟೈರು, ಗೇರ್‌ಬಾಕ್ಸ್‌ಗಳು ಒಂದು ಕೋಟಿ ರೂಪಾಯಿಯ ಕಾರಿನವೇ ಆಗಿರುತ್ತವೆ. ಆದುದರಿಂದ ಮುಂಗಡ ಹಣ ನೀಡುವುದಕ್ಕೆ ಮುಂಚೆ ವಾಹನದ ದಾಖಲೆ, ಭೌತಿಕ ಸ್ಥಿತಿ ಮತ್ತು ಚಾಲನೆ ಈ ಮೂರನ್ನೂ ಪರಿಶೀಲಿಸುವ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ದಾಖಲೆಗಳ ಪರಿಶೀಲನೆ

ಕಾರನ್ನು ನೋಡಲು ಹೋಗುವ ಮುನ್ನವೇ ನೋಂದಣಿ ಸಂಖ್ಯೆಯನ್ನು ಪಡೆದು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆಪ್‌ನಲ್ಲಿ ವಾಹನದ ವಿವರವನ್ನು ನೋಡಬೇಕು. ನೋಂದಣಿ ದಿನಾಂಕ, ಇಂಧನ, ವಿಮೆ ಮತ್ತು ವಾಯುಮಾಲಿನ್ಯ ಪ್ರಮಾಣಪತ್ರಗಳ ಅವಧಿ, ಸಾಲದ ನಮೂದು ಇವು ಅಲ್ಲಿ ಕಾಣುತ್ತವೆ. ಮಾರಾಟಗಾರರು ತಾವು ಎರಡನೆಯ ಮಾಲೀಕರೆಂದು ಹೇಳಿ, ದಾಖಲೆಯಲ್ಲಿ ನಾಲ್ಕನೆಯ ಮಾಲೀಕರೆಂದು ಇದ್ದಲ್ಲಿ ಮುಂದಿನ ಮಾತುಕತೆಯ ಅಗತ್ಯವಿಲ್ಲ. ಬಾಕಿ ಇರುವ ಸಂಚಾರ ದಂಡಗಳನ್ನೂ ಇದೇ ರೀತಿ ನೋಡಬಹುದು. ಸ್ಪೋರ್ಟ್ಸ್ ಕಾರುಗಳ ಮೇಲೆ ಅತಿವೇಗದ ದಂಡಗಳು ಸಾಲುಸಾಲಾಗಿ ಇರುವುದು ಅಪರೂಪವಲ್ಲ. ಅವು ಕಾರನ್ನು ಹೇಗೆ ಓಡಿಸಲಾಗಿದೆ ಎಂಬುದನ್ನೂ ಹೇಳುತ್ತವೆ.

ವಾಹನವು ಕಳವಿನದಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ' ಸೇವೆಯ ಮೂಲಕ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಪರಿಶೀಲಿಸಬಹುದು. ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರ ಹಾಗೂ ಅಂಕಿಗಳಿರುತ್ತವೆ. ನೋಂದಣಿ ಪ್ರಮಾಣಪತ್ರದಲ್ಲಿರುವ ಸಂಖ್ಯೆ, ಲೋಹದ ಮೇಲೆ ಒತ್ತಿರುವ ಸಂಖ್ಯೆ ಮತ್ತು ಮುಂಗಾಜಿನ ಕೆಳಗೆ ಅಥವಾ ಬಾಗಿಲ ಚೌಕಟ್ಟಿನಲ್ಲಿ ಕಾಣುವ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಅಂಕಿಗಳ ಸುತ್ತ ಉಜ್ಜಿದ ಗುರುತು, ಹೊಸ ಬಣ್ಣ ಅಥವಾ ಬೆಸುಗೆಯ ಗೆರೆ ಕಂಡುಬಂದಲ್ಲಿ ಅಂತಹ ವಾಹನವನ್ನು ಕೈಬಿಡುವುದೇ ಸೂಕ್ತ.

ವಿದೇಶದಿಂದ ಬಿಡಿಯಾಗಿ ತರಿಸಿದ ಕಾರಾಗಿದ್ದಲ್ಲಿ ಸುಂಕ ಪಾವತಿಯ ದಾಖಲೆಗಳನ್ನೂ ಕೇಳಬೇಕು. ತಾತ್ಕಾಲಿಕ ಪ್ರವೇಶಕ್ಕೆ ನೀಡುವ ಕಾರ್ನೆಟ್ ವ್ಯವಸ್ಥೆಯಲ್ಲಿ ಬಂದ ಕಾರುಗಳು ಮರಳಿ ಹೊರದೇಶಕ್ಕೆ ಹೋಗಲೇಬೇಕು. ಅವನ್ನು ಇಲ್ಲಿ ಮಾರುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಸುಂಕ ಇಲಾಖೆಯು ಭೂತಾನ್ ಮಾರ್ಗವಾಗಿ ಅಕ್ರಮವಾಗಿ ತಂದವೆಂಬ ಆರೋಪದ ಮೇಲೆ ಹಲವು ದುಬಾರಿ ವಾಹನಗಳನ್ನು ವಶಪಡಿಸಿಕೊಂಡಿತು. ಇಂತಹ ಕ್ರಮ ಜರುಗಿದಾಗ ಕಾರು ಹೋಗುವುದು ಅದು ಆ ದಿನ ಯಾರ ಬಳಿ ಇದೆಯೋ ಅವರಿಂದ.

ಹೊರರಾಜ್ಯದ ನೋಂದಣಿ ಮತ್ತು ತೆರಿಗೆ

ಈ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪುದುಚೇರಿ, ಮಹಾರಾಷ್ಟ್ರ, ದೆಹಲಿ ಮುಂತಾದೆಡೆ ನೋಂದಣಿಯಾದ ಸ್ಪೋರ್ಟ್ಸ್ ಕಾರುಗಳು ನಮ್ಮ ರಾಜ್ಯದಲ್ಲಿ ನೋಂದಣಿಯಾದ ಅಂತಹುದೇ ಕಾರುಗಳಿಗಿಂತ ಕಡಿಮೆ ಬೆಲೆಗೆ ದೊರೆಯುತ್ತವೆ. ಇದರ ಕಾರಣ ಸರಳ. ಕರ್ನಾಟಕದಲ್ಲಿ ಕಾರಿನ ಬೆಲೆ ಏರಿದಂತೆ ಜೀವಾವಧಿ ತೆರಿಗೆಯ ದರವೂ ಏರುತ್ತದೆ. ಆ ತೆರಿಗೆಯನ್ನು ಇನ್ನೂ ಪಾವತಿಸದ ಕಾರು ಅಗ್ಗವಾಗಿಯೇ ಕಾಣುತ್ತದೆ.

ಮೋಟಾರು ವಾಹನಗಳ ಅಧಿನಿಯಮ, 1988ರ 47ನೇ ಪ್ರಕರಣದಂತೆ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಬೇರೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೀರಿ ಇರಿಸಿಕೊಂಡಲ್ಲಿ ಆ ರಾಜ್ಯದ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಹಾಗೆ ಪಡೆಯುವಾಗ ಕಾರಿನ ವಯಸ್ಸಿಗೆ ಅನುಗುಣವಾಗಿ ಲೆಕ್ಕ ಹಾಕಿದ ಜೀವಾವಧಿ ತೆರಿಗೆಯನ್ನು ಇಲ್ಲಿ ಕಟ್ಟಬೇಕಾಗುತ್ತದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಅಧಿಕಾರಿಗಳು ತೆರಿಗೆ ಪಾವತಿಸದ ಹೊರರಾಜ್ಯದ ಮೂವತ್ತು ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಕಾರೊಂದರ ಮಾಲೀಕರು ಸುಮಾರು 1.42 ಕೋಟಿ ರೂಪಾಯಿಯನ್ನು ಒಂದೇ ದಿನದಲ್ಲಿ ಪಾವತಿಸಬೇಕಾಯಿತು.

ಆದುದರಿಂದ ಹೊರರಾಜ್ಯದ ಕಾರಿನ ಬೆಲೆಯನ್ನು ಮಾತನಾಡುವ ಮುನ್ನ, ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂಬುದನ್ನು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಆ ಮೊತ್ತವನ್ನು ಬೆಲೆಗೆ ಸೇರಿಸಿ ನೋಡಬೇಕು. ಮೂಲ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ (ನಮೂನೆ 28) ಮಾರಾಟಗಾರರ ಕೈಯಲ್ಲಿ ಇದೆಯೇ, ಇಲ್ಲವೇ "ಆಮೇಲೆ ತರಿಸಿ ಕೊಡುತ್ತೇವೆ" ಎಂಬ ಮಾತು ಮಾತ್ರ ಇದೆಯೇ ಎಂಬುದನ್ನು ಗಮನಿಸಬೇಕು. ಪತ್ರವಿಲ್ಲದೆ ಪೂರ್ಣ ಹಣ ನೀಡಬಾರದು.

ವಾಹನದ ಹೊರಭಾಗ ಮತ್ತು ಒಳಭಾಗ

ಪರಿಶೀಲನೆಯನ್ನು ಹಗಲಿನ ಬೆಳಕಿನಲ್ಲಿ, ಒಣಗಿದ ಕಾರಿನ ಮೇಲೆ ಮಾಡಬೇಕು. ಆಗತಾನೆ ತೊಳೆದ ಕಾರಿನ ನೀರಿನ ಹನಿಗಳು ಬಣ್ಣದ ದೋಷವನ್ನು ಮರೆಮಾಡುತ್ತವೆ. ಬಾಗಿಲು, ಬಾನೆಟ್, ಡಿಕ್ಕಿಗಳ ಅಂಚಿನ ಸಂದುಗಳು ಎರಡೂ ಬದಿಯಲ್ಲಿ ಒಂದೇ ಅಗಲದಲ್ಲಿರಬೇಕು. ಬಾನೆಟ್ ತಿರುಪುಗಳ ಮೇಲಿನ ಬಣ್ಣ ಕಿತ್ತಿದ್ದರೆ ಅವನ್ನು ಸ್ಪ್ಯಾನರ್ ಹಾಕಿ ಬಿಚ್ಚಲಾಗಿದೆ ಎಂದರ್ಥ. ಬಣ್ಣದ ದಪ್ಪ ಅಳೆಯುವ ಸಣ್ಣ ಮಾಪಕವಿದ್ದಲ್ಲಿ ಉತ್ತಮ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್‌ನಷ್ಟಿರುತ್ತದೆ. ಒಂದು ಭಾಗದಲ್ಲಿ ಮಾತ್ರ ಅದರ ಹಲವು ಪಟ್ಟು ತೋರಿದರೆ ಅಲ್ಲಿ ಟಿಂಕರಿಂಗ್ ಕೆಲಸ ನಡೆದು ಪುಟ್ಟಿ ತುಂಬಲಾಗಿದೆ. ಬಂಪರಿಗೆ ಬಣ್ಣ ಹಚ್ಚಿಸುವುದು ನಮ್ಮ ಊರುಗಳ ಸಂಚಾರದಲ್ಲಿ ಸಾಮಾನ್ಯವಾದುದರಿಂದ ಅದಕ್ಕೆ ಹೆಚ್ಚಿನ ಮಹತ್ವ ಬೇಡ. ಛಾವಣಿ, ಕಂಬಗಳು, ಎಂಜಿನ್ ಕೋಣೆಯ ಉದ್ದ ತೊಲೆಗಳು ಇವುಗಳಲ್ಲಿ ಕೆಲಸ ನಡೆದಿದ್ದರೆ ಮಾತ್ರ ಅದು ಗಂಭೀರ.

ಕಾರನ್ನು ಮೇಲೆತ್ತಿ ಅಡಿಭಾಗ ನೋಡದೆ ಸ್ಪೋರ್ಟ್ಸ್ ಕಾರಿನ ಪರಿಶೀಲನೆ ಮುಗಿಯುವುದಿಲ್ಲ. ನೆಲಕ್ಕೆ ತೀರಾ ಹತ್ತಿರವಿರುವ ಈ ಕಾರುಗಳು ನಮ್ಮ ರಸ್ತೆ ಉಬ್ಬುಗಳ ಮೇಲೆ ಉಜ್ಜದೆ ಹಾದುಹೋಗುವುದು ಕಷ್ಟ. ಮುಂಭಾಗದ ಪ್ಲಾಸ್ಟಿಕ್ ಹಲಗೆ ಗೀಚಿರುವುದು ಸಹಜ. ಆದರೆ ಎಂಜಿನ್ ಆಯಿಲ್ ತೊಟ್ಟಿ ಜಜ್ಜಿರುವುದು, ಸೈಲೆನ್ಸರ್ ಕೊಳವೆ ಚಪ್ಪಟೆಯಾಗಿರುವುದು, ಶಾಕ್ ಅಬ್ಸಾರ್ಬರ್‌ಗಳಿಂದ ಆಯಿಲ್ ಒಸರಿರುವುದು ಸಹಜವಲ್ಲ. ಸ್ಥಳೀಯ ಗ್ಯಾರೇಜಿನಲ್ಲಿ ಲಿಫ್ಟ್ ಬಳಕೆಗೆ ತಗಲುವ ಕೆಲವು ನೂರು ರೂಪಾಯಿಗಳನ್ನು ಉಳಿಸಲು ಹೋಗಬಾರದು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಿಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 3219 ಎಂದಿದ್ದರೆ ಅದು 2019ರ 32ನೇ ವಾರದ್ದು. ಹೆಚ್ಚು ಓಡದ ಸ್ಪೋರ್ಟ್ಸ್ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೂವು ಚೆನ್ನಾಗಿ ಕಂಡರೂ ಮಳೆಯಲ್ಲಿ ಹಿಡಿತವಿರುವುದಿಲ್ಲ. ಅಳತೆಯ ಕೊನೆಯಲ್ಲಿನ ಅಕ್ಷರವು ವೇಗದ ಮಿತಿಯನ್ನು ಸೂಚಿಸುತ್ತದೆ: ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ ಎಂದರೆ 240, ಡಬ್ಲ್ಯೂ ಎಂದರೆ 270, ವೈ ಎಂದರೆ 300. ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನ ದರ್ಜೆಯ ಟೈರು ಹಾಕಿದ್ದಲ್ಲಿ ಮಾಲೀಕರು ಬೇರೆಡೆಯೂ ಇದೇ ರೀತಿ ಖರ್ಚು ಉಳಿಸಿರಬಹುದು. ಟೈರಿನ ಒಳಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು ಅಥವಾ ಕಾರನ್ನು ಇನ್ನಷ್ಟು ತಗ್ಗಿಸಿರಬಹುದು.

ಮೀಟರಿನಲ್ಲಿ ಕಾಣುವ ಕಿಲೋಮೀಟರುಗಳನ್ನು ನಂಬುವ ಮೊದಲು ಪೆಡಲ್‌ಗಳ ರಬ್ಬರು, ಸ್ಟೇರಿಂಗ್ ಚರ್ಮ, ಚಾಲಕರ ಆಸನದ ಹೊರಅಂಚು ನೋಡಬೇಕು. 25,000 ಕಿ.ಮೀ. ಎಂದು ತೋರಿಸುವ ಕಾರಿನ ಪೆಡಲ್ ನುಣ್ಣಗೆ ಸವೆದಿರಲು ಸಾಧ್ಯವಿಲ್ಲ. ಅಧಿಕೃತ ಸೇವಾ ಕೇಂದ್ರದಲ್ಲಿ ಚಾಸಿಸ್ ಸಂಖ್ಯೆ ನೀಡಿ, ಮಾಲೀಕರ ಒಪ್ಪಿಗೆಯೊಂದಿಗೆ, ಹಿಂದಿನ ಸರ್ವೀಸ್ ವಿವರ ಕೇಳಬಹುದು.

ನೀರಿನಲ್ಲಿ ಮುಳುಗಿದ ಕಾರುಗಳು

2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಅನೇಕ ದುಬಾರಿ ಕಾರುಗಳು ನೆಲಮಾಳಿಗೆಗಳಲ್ಲಿ ಮುಳುಗಿದವು. ವಿಮಾ ಸಂಸ್ಥೆಗಳು ಪೂರ್ಣ ನಷ್ಟವೆಂದು ಪರಿಗಣಿಸಿದ ಇಂತಹ ವಾಹನಗಳು ಹರಾಜಿನ ಮೂಲಕ ದುರಸ್ತಿಗಾರರ ಕೈಸೇರಿ, ಒಳಭಾಗ ತೊಳೆದು ಹೊಳಪು ನೀಡಿದ ನಂತರ ದೂರದ ಊರುಗಳಲ್ಲಿ ಮಾರಾಟಕ್ಕೆ ಬರುವುದುಂಟು. ಸ್ಪೋರ್ಟ್ಸ್ ಕಾರಿನ ಆಸನವು ತಗ್ಗಿನಲ್ಲಿರುವುದರಿಂದ ಮೊಣಕಾಲುದ್ದದ ನೀರು ಸಹ ಒಳಗೆ ನುಗ್ಗುತ್ತದೆ. ಹಲವು ಮಾದರಿಗಳಲ್ಲಿ ವಿದ್ಯುನ್ಮಾನ ಘಟಕಗಳು ಆಸನದ ಅಡಿಯಲ್ಲಿ ಅಥವಾ ಕಾರ್ಪೆಟ್ಟಿನ ಕೆಳಗೆ ಇರುತ್ತವೆ. ಅವು ತಕ್ಷಣ ಕೆಡದೆ ಆರು ತಿಂಗಳ ನಂತರ ಒಂದೊಂದಾಗಿ ಕೆಡುತ್ತವೆ.

ಪತ್ತೆ ಮಾಡುವ ಕ್ರಮ ಹೀಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಬೇಕು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಆಸನದ ಬೋಲ್ಟುಗಳಲ್ಲಿ ತುಕ್ಕು, ಸ್ಟೆಪ್ನಿ ಅಥವಾ ಟೂಲ್ಸ್ ಇಡುವ ಗುಳಿಯಲ್ಲಿ ಕೆಸರಿನ ಪುಡಿ, ದೀಪಗಳ ಒಳಗೆ ಮಬ್ಬು, ಡ್ಯಾಶ್‌ಬೋರ್ಡ್ ಅಡಿಯ ವೈರ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇವೆಲ್ಲ ಲಕ್ಷಣಗಳು. ಕಿಟಕಿ ಮುಚ್ಚಿ ಐದು ನಿಮಿಷ ಒಳಗೆ ಕುಳಿತರೆ ಮೂಗಿಗೇ ತಿಳಿಯುತ್ತದೆ. ಒಳಗೆ ತೀವ್ರವಾದ ಸುಗಂಧ ಸಿಂಪಡಿಸಿದ್ದರೆ ಇನ್ನೊಂದು ದಿನ ಮತ್ತೆ ಬಂದು ನೋಡುವುದು ಒಳ್ಳೆಯದು.

ಎಂಜಿನ್ ಚಾಲೂ ಮಾಡುವಾಗ

ಎಂಜಿನ್ ತಣ್ಣಗಿರುವಾಗಲೇ ಮೊದಲ ಬಾರಿ ಚಾಲೂ ಮಾಡಬೇಕು. ಬೆಳಗಿನ ವೇಳೆ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಕಾರಣ ಕೇಳಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷಗಳನ್ನು ತೋರಿಸುವುದಿಲ್ಲ. ಕೀಲಿ ತಿರುಗಿಸಿದಾಗ, ಚಾಲೂ ಆಗುವ ಮುನ್ನ, ಏರ್‌ಬ್ಯಾಗ್, ಎ.ಬಿ.ಎಸ್., ಎಂಜಿನ್ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಬೆಳಗಿ ಆರಬೇಕು. ಬೆಳಗಿ ಆರದಿದ್ದರೆ ದೋಷವಿದೆ. ಬೆಳಗದೇ ಇದ್ದರೆ ದೋಷವನ್ನು ಮುಚ್ಚಲು ದೀಪವನ್ನೇ ತೆಗೆದಿರಬಹುದು. ಅಪಘಾತದಲ್ಲಿ ತೆರೆದುಕೊಂಡ ಏರ್‌ಬ್ಯಾಗನ್ನು ಮತ್ತೆ ಅಳವಡಿಸದೆ ಮೇಲಿನ ಮುಚ್ಚಳ ಮಾತ್ರ ಹಾಕಿದ ಕಾರಿನಲ್ಲಿ ಹೀಗಾಗುತ್ತದೆ. ಇದು ಹಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಚಾಲೂ ಆದ ಮೊದಲ ಕೆಲವು ಕ್ಷಣ ಕಿವಿಗೊಟ್ಟು ಕೇಳಬೇಕು. ಸರಪಳಿ ಅಲುಗಿದಂತಹ ಸದ್ದು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಉಳಿದರೆ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ. ಚಳಿಯ ಮುಂಜಾನೆ ತೆಳುವಾದ ಬಿಳಿ ಆವಿ ಸಹಜ, ಆದರೆ ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಸೇರುತ್ತಿದೆ. ಡಿಪ್‌ಸ್ಟಿಕ್ ಇರುವ ಕಾರಿನಲ್ಲಿ ಆಯಿಲಿನ ಬಣ್ಣ ನೋಡಬೇಕು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ.

ಕೆಲವು ಮಾದರಿಗಳಿಗೆ ತಮ್ಮದೇ ಆದ ದೌರ್ಬಲ್ಯಗಳಿರುತ್ತವೆ. ಉದಾಹರಣೆಗೆ 2008ರವರೆಗಿನ ಪೋರ್ಷೆ 911, ಬಾಕ್ಸ್‌ಸ್ಟರ್ ಮತ್ತು ಕೇಮನ್ ಕಾರುಗಳ ಅನೇಕ ಎಂಜಿನ್‌ಗಳಲ್ಲಿ ಮಧ್ಯಂತರ ಶಾಫ್ಟಿನ ಬೇರಿಂಗ್ ಮುರಿದು ಇಡೀ ಎಂಜಿನ್ ಹಾಳಾಗುವ ಸಂಭವವಿದೆ; 2009ರ ಹೊಸ ಎಂಜಿನ್‌ಗಳಲ್ಲಿ ಆ ಶಾಫ್ಟೇ ಇಲ್ಲ. ಬಿಡಿಭಾಗಗಳ ಲಭ್ಯತೆಯನ್ನೂ ಗಮನಿಸಬೇಕು. 2016ರಲ್ಲಿ ಭಾರತಕ್ಕೆ ಬಂದ ಐದು ಲೀಟರ್ ಎಂಜಿನ್ನಿನ ಫೋರ್ಡ್ ಮಸ್ಟಾಂಗ್‌ನ ಕಂಪನಿ 2021ರಲ್ಲಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು, ಆಡಿ ಟಿ.ಟಿ. ಕಾರಿನ ತಯಾರಿಕೆಯೇ 2023ರಲ್ಲಿ ಮುಗಿಯಿತು. ಇವು ಕೊಳ್ಳಬಾರದ ಕಾರುಗಳೆಂದಲ್ಲ. ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಲು ಸಿದ್ಧರಿರಬೇಕು ಎಂದಷ್ಟೆ.

ಪರೀಕ್ಷಾ ಚಾಲನೆ

ಕಾರಿಗೆ ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ಪ್ರಮಾಣಪತ್ರ, ಚಾಲನೆ ಮಾಡುವವರಿಗೆ ಚಾಲನಾ ಅನುಜ್ಞಾಪತ್ರ ಇಲ್ಲದೆ ಪರೀಕ್ಷಾ ಚಾಲನೆ ಮಾಡತಕ್ಕದ್ದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಬಳಸಿದ ವಾಹನಗಳ ಅಧಿಕೃತ ವ್ಯಾಪಾರಿಗಳು ತಮ್ಮ ಬಳಿಯಿರುವ ವಾಹನಗಳ ಓಡಾಟದ ವಿದ್ಯುನ್ಮಾನ ದಾಖಲೆ ಇಡಬೇಕು. ಪರೀಕ್ಷಾ ಚಾಲನೆಯನ್ನು ಅದರಲ್ಲಿ ನಮೂದಿಸುವಂತೆ ಕೇಳುವುದು ಖರೀದಿದಾರರ ಹಿತದಲ್ಲಿಯೇ ಇದೆ. ಏನಾದರೂ ಅವಘಡವಾದಲ್ಲಿ ಆ ಹೊತ್ತಿನಲ್ಲಿ ಕಾರು ಏಕೆ ರಸ್ತೆಯಲ್ಲಿತ್ತು ಎಂಬುದಕ್ಕೆ ಅದೇ ಆಧಾರ.

ಹೆಚ್ಚಿನ ಖರೀದಿದಾರರು ಪರೀಕ್ಷಾ ಚಾಲನೆಯೆಂದರೆ ವೇಗ ನೋಡುವುದೆಂದು ತಿಳಿದಿದ್ದಾರೆ. ವಾಸ್ತವವಾಗಿ ಸ್ಪೋರ್ಟ್ಸ್ ಕಾರಿನ ದೋಷಗಳು ನಿಧಾನ ವೇಗದಲ್ಲಿಯೇ ಹೆಚ್ಚು ಗೋಚರಿಸುತ್ತವೆ. ಪರಿಚಯವಿಲ್ಲದ ನಾಲ್ಕುನೂರು ಅಶ್ವಶಕ್ತಿಯ ಕಾರನ್ನು ಮೊದಲ ಹತ್ತು ನಿಮಿಷದಲ್ಲಿ ಪೂರ್ಣವಾಗಿ ಒತ್ತಿ ಓಡಿಸುವುದರಿಂದ ತಿಳಿಯುವುದು ಬಹಳ ಕಡಿಮೆ. ಆಗುವ ಅನಾಹುತದ ಹೊಣೆ ಮಾತ್ರ ಸ್ಟೇರಿಂಗ್ ಹಿಡಿದವರ ಮೇಲೆಯೇ ಬೀಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಹ ಕಾರಿನ ವೇಗಮಿತಿ ಗಂಟೆಗೆ 100 ಕಿ.ಮೀ. ಮಾತ್ರ. ಮಾರಾಟಗಾರರು ಒತ್ತಾಯಿಸಿದರೂ ಎಂಜಿನ್ ಬಿಸಿಯಾಗುವವರೆಗೆ ಹೆಚ್ಚಿನ ಆರ್.ಪಿ.ಎಂ.ಗೆ ಹೋಗಬಾರದು. ತಣ್ಣನೆಯ ಎಂಜಿನ್ನನ್ನು ಮಾಲೀಕರೇ ರೊಯ್ಯನೆ ಏರಿಸಿ ಸದ್ದು ಕೇಳಿಸಿದರೆ, ಅವರು ಅದನ್ನು ದಿನನಿತ್ಯ ಹೇಗೆ ಬಳಸಿದ್ದಾರೆಂಬುದು ತಾನಾಗಿ ತಿಳಿಯಿತು.

ಕನಿಷ್ಠ ಅರ್ಧ ಗಂಟೆಯ, ನಿಧಾನ ಸಂಚಾರ, ಏರು, ಉಬ್ಬು ಮತ್ತು ತೆರೆದ ರಸ್ತೆ ಇವೆಲ್ಲ ಇರುವ ಮಾರ್ಗವನ್ನು ಖರೀದಿದಾರರೇ ಆರಿಸಿಕೊಳ್ಳಬೇಕು. ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ ಕಾರನ್ನು ಏರುರಸ್ತೆಯ ದಟ್ಟ ಸಂಚಾರದಲ್ಲಿ ಆಮೆವೇಗದಲ್ಲಿ ನಡೆಸಿ ನೋಡಬೇಕು. ನಡುಕ, ತಡವರಿಕೆ, ಒಂದರಿಂದ ಎರಡನೇ ಗೇರಿಗೆ ಬದಲಾಗುವಾಗ ಜಗ್ಗು ಕಂಡರೆ ಕ್ಲಚ್ ಅಥವಾ ಗೇರ್ ನಿಯಂತ್ರಣ ಘಟಕ ಸವೆದಿದೆ; ಇದರ ದುರಸ್ತಿ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಕೈಗೇರಿನ ಕಾರಾದರೆ ನಾಲ್ಕನೇ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಒತ್ತಬೇಕು. ಮುಳ್ಳು ಏರಿದರೂ ಕಾರಿನ ವೇಗ ಏರದಿದ್ದಲ್ಲಿ ಕ್ಲಚ್ ಜಾರುತ್ತಿದೆ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದಿನಿಂದ ಠಣ್ ಎಂದು ಸದ್ದಾದರೆ ಡಿಫರೆನ್ಷಿಯಲ್ ಅಥವಾ ಅದರ ಮೌಂಟಿಂಗ್ ಸಡಿಲವಾಗಿದೆ. ಖಾಲಿ ಬಯಲಿನಲ್ಲಿ ಸ್ಟೇರಿಂಗನ್ನು ಪೂರ್ತಿ ಎರಡೂ ಕಡೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆದಾಗ ಟಕಟಕ ಸದ್ದು ಬರಬಾರದು.

ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿ, ಕಾರು ಒಂದು ಬದಿಗೆ ಎಳೆಯುತ್ತದೆಯೇ, ಪೆಡಲ್ ಅಥವಾ ಸ್ಟೇರಿಂಗ್ ನಡುಗುತ್ತದೆಯೇ ಎಂದು ನೋಡಬೇಕು. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಸಂಗೀತ, ಎ.ಸಿ. ಎರಡನ್ನೂ ನಿಲ್ಲಿಸಿ ಓಡಿಸುವುದು ಒಳ್ಳೆಯದು. ಎ.ಸಿ.ಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬಹುದು.

ಮರಳಿ ಬಂದ ಮೇಲೆ ಎಂಜಿನ್ ಚಾಲನೆಯಲ್ಲೇ ಇರಿಸಿ ಹತ್ತು ನಿಮಿಷ ನಿಲ್ಲಿಸಬೇಕು. ತಾಪದ ಮುಳ್ಳು ಏರುತ್ತಾ ಹೋದರೆ ಕೂಲಿಂಗ್ ವ್ಯವಸ್ಥೆಯಲ್ಲಿ ದೋಷವಿದೆ. ನಂತರ ಮೆಕ್ಯಾನಿಕ್ ಮೂಲಕ ಸ್ಕ್ಯಾನರ್ ಅಳವಡಿಸಿ ದೋಷ ಸಂಕೇತಗಳನ್ನು ಓದಿಸಬೇಕು. ಸಂಕೇತಗಳು ಒಂದೂ ಇಲ್ಲದೆ, ಸ್ವಯಂಪರೀಕ್ಷೆಗಳೂ 'ಸಿದ್ಧವಿಲ್ಲ' ಎಂದು ತೋರಿದರೆ, ಹಿಂದಿನ ದಿನವಷ್ಟೇ ಯಾರೋ ಅವನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಎಂದು ಊಹಿಸಬಹುದು. ಕೆಲವು ಕಾರುಗಳ ಕಂಪ್ಯೂಟರಿನಲ್ಲಿ ಎಂಜಿನ್ ಮಿತಿಮೀರಿ ತಿರುಗಿದ ಸಂದರ್ಭಗಳೂ ದಾಖಲಾಗಿರುತ್ತವೆ. ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿದ್ದಾರೆಯೇ ಎಂದು ನೇರವಾಗಿಯೇ ಕೇಳಬೇಕು. ಸಾಮಾನ್ಯ ಖಾಸಗಿ ಕಾರಿನ ವಿಮೆಯು ರೇಸ್ ಮತ್ತು ವೇಗಪರೀಕ್ಷೆಗಳಲ್ಲಿ ಆದ ಹಾನಿಗೆ ಅನ್ವಯಿಸುವುದಿಲ್ಲ.

ಮಾರ್ಪಾಡುಗಳು

ದೊಡ್ಡ ಸದ್ದಿನ ಸೈಲೆನ್ಸರ್, ಬದಲಾಯಿಸಿದ ಎಂಜಿನ್ ಸಾಫ್ಟ್‌ವೇರ್, ತಗ್ಗಿಸಿದ ಸ್ಪ್ರಿಂಗ್‌ಗಳನ್ನು ಮಾರಾಟಗಾರರು ಹೆಚ್ಚುವರಿ ಆಕರ್ಷಣೆಯೆಂದು ಹೇಳುವುದುಂಟು. ಅಧಿನಿಯಮದ 52ನೇ ಪ್ರಕರಣದಂತೆ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಕಾರಾವಾಸ ವಿಧಿಸಬಹುದಾಗಿದ್ದು, ಖರೀದಿಯ ನಂತರ ಉತ್ತರಿಸಬೇಕಾದವರು ಹೊಸ ಮಾಲೀಕರು. ಕಾರಿನ ಬಣ್ಣ ನೋಂದಣಿ ಪ್ರಮಾಣಪತ್ರದಲ್ಲಿ ಇರುವಂತೆಯೇ ಇದೆಯೇ ಎಂಬುದನ್ನೂ ನೋಡಬೇಕು. ಮೂಲ ಬಿಡಿಭಾಗಗಳು ಮಾರಾಟಗಾರರ ಬಳಿ ಉಳಿದಿದ್ದರೆ ಅವನ್ನು ಕೇಳಿ ಪಡೆಯಬೇಕು.

ಮಾಲೀಕತ್ವ ವರ್ಗಾವಣೆ

ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಬೇಕು. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಸ್ವೀಕರಿಸಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಸಾಲದ ನಮೂದಿದ್ದಲ್ಲಿ ಬ್ಯಾಂಕಿನ ಬಾಕಿಯಿಲ್ಲ ಪತ್ರ ಹಾಗೂ ನಮೂನೆ 35 ಪಡೆದ ನಂತರವೇ ಉಳಿದ ಮೊತ್ತ ನೀಡಬೇಕು.

ಮಾರಾಟಗಾರರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ನಮೂನೆ 29ರಲ್ಲಿ ತಿಳಿಸಬೇಕು. ಖರೀದಿದಾರರು 30 ದಿನಗಳೊಳಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸಬೇಕು. ಇದನ್ನು ಮಾರಾಟಗಾರರೂ ಲಘುವಾಗಿ ಪರಿಗಣಿಸುವಂತಿಲ್ಲ. ವರ್ಗಾವಣೆಯಾಗದೆ ಕಾರು ಕೈಬದಲಾದ ಪ್ರಕರಣವೊಂದರಲ್ಲಿ, ಅಪಘಾತ ಪರಿಹಾರದ ಹೊಣೆ ದಾಖಲೆಯಲ್ಲಿರುವ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿದೆ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಮಧ್ಯವರ್ತಿಗೆ ಕೊಟ್ಟು ಮರೆಯುವವರು ಈ ತೀರ್ಪನ್ನು ನೆನಪಿನಲ್ಲಿಡಬೇಕು.

ಮೂರನೇ ವ್ಯಕ್ತಿಯ ವಿಮೆಯು ವಾಹನದೊಂದಿಗೆ ಹೊಸ ಮಾಲೀಕರಿಗೆ ವರ್ಗವಾದಂತೆ ಭಾವಿಸಲ್ಪಡುತ್ತದೆ. ಆದರೆ ಕಾರಿಗೇ ಆದ ಹಾನಿಗೆ ಪರಿಹಾರ ದೊರೆಯಬೇಕಾದರೆ ಪಾಲಿಸಿಯು ಖರೀದಿದಾರರ ಹೆಸರಿಗೆ ಬದಲಾಗಬೇಕು. ಇದಕ್ಕಾಗಿ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ನೀಡತಕ್ಕದ್ದು. ಹಿಂದಿನ ಮಾಲೀಕರ ಕ್ಲೇಮು ರಹಿತ ರಿಯಾಯಿತಿ ಅವರಿಗೆ ಸೇರಿದ್ದು, ಕಾರಿಗಲ್ಲ. ಆದುದರಿಂದ ಪ್ರೀಮಿಯಂ ವ್ಯತ್ಯಾಸವನ್ನು ಖರೀದಿದಾರರು ಭರಿಸಬೇಕಾಗುತ್ತದೆ. ನೋಂದಣಿಯಾದ ದಿನದಿಂದ 15 ವರ್ಷ ಸಮೀಪಿಸಿದ ಕಾರಾಗಿದ್ದಲ್ಲಿ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಹಾಜರುಪಡಿಸಬೇಕು. ಆಮದು ಕಾರುಗಳಿಗೆ ಈ ನವೀಕರಣ ಶುಲ್ಕವು ದೇಶೀಯ ಕಾರುಗಳ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚಾಗಿದ್ದು, ತಪಾಸಣೆಯ ವೇಳೆ ಮಾರ್ಪಾಡುಗಳು ಕಂಡುಬಂದಲ್ಲಿ ಅವನ್ನು ತೆಗೆಸಿ ಮತ್ತೊಮ್ಮೆ ಹಾಜರುಪಡಿಸಬೇಕಾಗುತ್ತದೆ.